ವಿಲಾಯತಿ ಸುತ್ತಿ ಹತ್ತಿಮತ್ತೂರಿಗೆ

ಸವಣೂರು

ವಿಮಾನ ಹತ್ತಿ ಬಂದವರಿಗೆ ನಮ್ಮ ಓಣಿಯ ಜನ ಎರಡೇ ಪ್ರಶ್ನೆ ಕೇಳುತ್ತಾರೆ. ಅಲ್ಲಿ ಉಣ್ಣಲು ಏನು ಕೊಟ್ಟರು? ಬರುವಾಗ ಏನು ತಂದೆ? ಮೂರು ವಾರ ಸ್ಕಾಟ್ಲೆಂಡಿನ ಎಡಿನ್‌ಬರೋ ಎಂಬ ಊರಲ್ಲಿದ್ದು ಬಂದ ಮೇಲೆ ಈ ಎರಡಕ್ಕೂ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಯಾಕೆ ಹೋಗಿದ್ದೆ ಎಂದು ಯಾರೂ ಕೇಳಲಿಲ್ಲ. ತಮ್ಮನನ್ನು ನೋಡಲು ಹೋದಳು ಎಂದು ಅವರೇ ತಿಳಿದುಕೊಂಡರು. ಅದು ಅರ್ಧ ನಿಜ. ತಮ್ಮನಿಗೆ ಒಂದು ಮಾತು ಹೇಳುವುದಿತ್ತು. ಮೂವತ್ತು ವರ್ಷ ಹೇಳದೆ ಇಟ್ಟುಕೊಂಡ ಮಾತು.

ತಮ್ಮನ ಹೆಸರು ಚನ್ನಬಸಪ್ಪ. ಮನೆಯಲ್ಲಿ ಚನ್ನು. ಹಾನಗಲ್ಲಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಹೈಸ್ಕೂಲು ಓದಿದ, ಧಾರವಾಡದಲ್ಲಿ ಕಾಲೇಜು. ಎಪ್ಪತ್ತರ ದಶಕದ ಮೊದಲಲ್ಲಿ ಶಿಷ್ಯವೇತನ ಸಿಕ್ಕು ವಿಲಾಯತಿಗೆ ಹೋದವನು ಅಲ್ಲೇ ನಿಂತ. ಕಲಿತದ್ದು ಮಿದುಳಿನಲ್ಲಿ ಹೇಗೆ ಉಳಿಯುತ್ತದೆ ಎಂದು ಹುಡುಕುವುದು ಅವನ ಕೆಲಸ. ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ನಮ್ಮ ವೀಳ್ಯದೆಲೆಯ ತೋಟ, ಅದನ್ನು ನೋಡಿಕೊಳ್ಳಲು ಮನೆಯಳಿಯನಾಗಿ ಬಂದ ಗಂಡ, ಅವ್ವ, ಇಷ್ಟು ನನ್ನ ಲೋಕ.

ಚನ್ನು ಉಗ್ಗುತ್ತಾನೆ. ಅದಕ್ಕೆ ಕಾರಣ ನಾನು ಎಂದು ನಂಬಿಕೊಂಡೇ ನಾನು ಇಷ್ಟು ವರ್ಷ ಬಾಳಿದ್ದೇನೆ.

ಅವನು ಹುಟ್ಟಿನಿಂದ ಎಡಚ. ಎಡಗೈಯಲ್ಲಿ ಉಣ್ಣುವುದು ನಮ್ಮ ಮನೆಯಲ್ಲಿ ಆಗದ ಮಾತು. ಶಾಲೆಗೆ ಹಾಕುವ ಮೊದಲು ಆ ರೂಢಿ ಬಿಡಿಸುವ ಕೆಲಸವನ್ನು ಅಪ್ಪ ನನಗೆ ವಹಿಸಿದ. ನನಗೆ ಹನ್ನೊಂದು ವರ್ಷ, ಅವನಿಗೆ ಐದು. ಎಡಗೈ ಬೆರಳಿಗೆ ಬೇವಿನ ರಸ ಹಚ್ಚಿದೆ. ಆ ಕೈ ಮುಂದೆ ಬಂದಾಗೆಲ್ಲ ಹೊಡೆದೆ. ಅವನು ಬಿಡಲಿಲ್ಲ. ಒಂದು ಮಧ್ಯಾಹ್ನ ತೋಟದಲ್ಲಿ, ಎಲೆಬಳ್ಳಿ ಹಬ್ಬಿಸಿದ ನುಗ್ಗೆಯ ಗಿಡವೊಂದಕ್ಕೆ ಅವನ ಎಡಗೈಯನ್ನು ಬಾಳೆನಾರಿನಿಂದ ಕಟ್ಟಿದೆ. ಬಲಗೈಗೆ ಬಳಪ ಕೊಟ್ಟು, "ಪಾಟಿ ತುಂಬ ಅ ಬರಿ, ಬಿಚ್ಚತೇನಿ" ಅಂದೆ. ಅಷ್ಟರಲ್ಲಿ ರಸ್ತೆಯಲ್ಲಿ ಕರಡಿಯಾಡಿಸುವವನ ಡೋಲು ಕೇಳಿತು. ನಾನು ಆ ಕರಡಿಯ ಹಿಂದೆ ಮೂರು ಓಣಿ ಸುತ್ತಿದೆ. ತಮ್ಮನ ನೆನಪೇ ಆಗಲಿಲ್ಲ.

ಬಳ್ಳಿ ಕಟ್ಟುವುದನ್ನು ನನಗೆ ಕಲಿಸಿದವಳು ದ್ಯಾಮವ್ವ, ನಮ್ಮ ತೋಟದಲ್ಲಿ ಕೆಲಸಕ್ಕೆ ಬರುತ್ತಿದ್ದ ಹೆಂಗಸು. ಚನ್ನು ಅವಳನ್ನು ಆಯಿ ಎನ್ನುತ್ತಿದ್ದ, ದಿನವೂ ಅವಳ ಸೆರಗಿನ ಗಂಟಿನಿಂದ ಹುರಿದ ಶೇಂಗಾ ಬಿಚ್ಚಿ ತಿನ್ನುತ್ತಿದ್ದ. ನಾರನ್ನು ಎರಡು ಸುತ್ತು ಹಾಕಿ ತುದಿಯನ್ನು ಒಳಗಿನಿಂದ ಎಳೆದು ಮಡಚುವ ಗಂಟು ಅವಳದು, ಬೇರೆ ಯಾರೂ ಹಾಗೆ ಕಟ್ಟುತ್ತಿರಲಿಲ್ಲ. "ಒಂದು ಬೆರಳು ಸಂದು ಬಿಡಬೇಕವ್ವಾ, ಬಳ್ಳಿ ಉಸರಾಡಬೇಕು" ಎಂದು ಪ್ರತಿ ಸಲ ಹೇಳುತ್ತಿದ್ದಳು. ನಾನು ಗಂಟನ್ನು ಕಲಿತಿದ್ದೆ, ಸಂದನ್ನು ಕಲಿತಿರಲಿಲ್ಲ.

ಇಳಿಹೊತ್ತಿಗೆ ನೆನಪಾಗಿ ಓಡಿ ಬಂದರೆ ದ್ಯಾಮವ್ವ ಅವನನ್ನು ಎತ್ತಿಕೊಂಡು ನಮ್ಮ ಅಂಗಳದಲ್ಲಿ ನಿಂತಿದ್ದಳು. ಅವನ ಮಣಿಕಟ್ಟು ಕಪ್ಪಾಗಿ ಊದಿತ್ತು. ಅವಳು ಕುಡುಗೋಲಿನಿಂದ ಕೊಯ್ದು ಬಿಡಿಸಿದ ನಾರು ಅಪ್ಪನ ಕೈಯಲ್ಲಿತ್ತು, ಗಂಟು ಹಾಗೇ ಇತ್ತು. ಅಪ್ಪ ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ: "ದ್ಯಾಮವ್ವ ಕಟ್ಟ್ಯಾಳ. ಕೆಲಸಕ್ಕ ಅಡ್ಡ ಬರ್ತಾನಂತ."

ದ್ಯಾಮವ್ವ ನನ್ನನ್ನು ನೋಡಿದಳು. ಅಪ್ಪ ಗಂಟನ್ನು ಅವಳ ಮುಖದ ಮುಂದೆ ಹಿಡಿದು, "ಇದು ನಿಂದಲ್ಲೇನ?" ಎಂದ.

"ಗಂಟು ನನ್ನ ಹಂಗ ಐತ್ರಿ" ಅಂದಳು. ಅಷ್ಟೇ.

ನಾಳೆಯಿಂದ ತೋಟಕ್ಕೆ ಕಾಲಿಡಬೇಡ ಎಂದ ಅಪ್ಪ. ಸವಣೂರಿನಲ್ಲಿ ಬೇರೆ ತೋಟದವರೂ ಅವಳನ್ನು ಕರೆಯಲಿಲ್ಲ. ಅವಳು ಮಗಳ ಊರು ಹತ್ತಿಮತ್ತೂರಿಗೆ ಹೋದಳು. ಚನ್ನು ಎರಡು ದಿನ ಮಾತೇ ಆಡಲಿಲ್ಲ. ಮೂರನೆಯ ದಿನ ಮಾತು ಬಂತು, ಒಡೆದು ಒಡೆದು ಬಂತು. ಆಮೇಲೆ ಎಂದೂ ಕೂಡಲಿಲ್ಲ.

ಮುಂಬಯಿಯಿಂದ ಆಚೆ

ಅವನನ್ನು ಪ್ರೊಫೆಸರ್ ಮಾಡಿದ್ದರು. ಹಾಗಾದವರು ಊರಿನ ಜನರೆಲ್ಲ ಬಂದು ಕೇಳುವಂಥ ಒಂದು ಭಾಷಣ ಮಾಡುವುದು ಅಲ್ಲಿನ ಪದ್ಧತಿಯಂತೆ. "ಅವ್ವನಿಗೆ ಇಷ್ಟು ದೂರ ಆಗುವುದಿಲ್ಲ. ನೀನಾದರೂ ಬಾ" ಎಂದು ಬರೆದು ಟಿಕೀಟು ಕಳಿಸಿದ. ಸಾವಿರಾರು ಜನರ ಮುಂದೆ ಇವನು ಮಾತಾಡಬೇಕಲ್ಲ! ಅದರ ಮೊದಲೇ ತಪ್ಪು ಒಪ್ಪಿಕೊಂಡುಬಿಡಬೇಕು ಎಂದು ನಿಶ್ಚಯ ಮಾಡಿಕೊಂಡು ಹೊರಟೆ.

ಗಂಟಿನಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಖಾರ, ಒದ್ದೆ ಅರಿವೆಯಲ್ಲಿ ಸುತ್ತಿದ ಎಲೆಯ ಪೆಂಡಿ. ಲಂಡನ್ನಿನ ವಿಮಾನ ನಿಲ್ದಾಣದಲ್ಲಿ ಒಬ್ಬ ಕೆಂಪು ಕೂದಲಿನ ಅಧಿಕಾರಿ ಪೆಂಡಿ ಬಿಚ್ಚಿ, ಎಲೆಗಳನ್ನು ಹಾವು ಹಿಡಿದಂತೆ ಹಿಡಿದು ಏನೋ ಕೇಳಿದ. ನನಗೆ ಅವನ ಮಾತು ಬಾರದು. ತಿನ್ನುವ ಪದಾರ್ಥ ಎಂದು ತಿಳಿಸಲು ಒಂದು ಎಲೆ ಬಾಯಿಗೆ ಹಾಕಿ ಅಗಿದು ತೋರಿಸಿದೆ. ಅವನು ಇನ್ನೊಬ್ಬನನ್ನು ಕರೆದ. ಅವನ ಮುಂದೆಯೂ ಒಂದು ಎಲೆ ಅಗಿದೆ. ಇಬ್ಬರೂ ನಕ್ಕರು, ನಾನೂ ನಕ್ಕೆ. ಆಮೇಲೆ ಪೆಂಡಿಯನ್ನು ಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ತಾವೇ ಇಟ್ಟುಕೊಂಡರು. ಹಸಿರೆಲೆ ಆ ದೇಶಕ್ಕೆ ನಿಷಿದ್ಧವಂತೆ. ಹೊಟ್ಟೆಯೊಳಗೆ ಹೋದ ಎರಡು ಎಲೆಗಳು ಮಾತ್ರ ಎಡಿನ್‌ಬರೋ ಮುಟ್ಟಿದವು.

ಎಡಿನ್‌ಬರೋ, ಮೊದಲ ದಿನಗಳು

ಚನ್ನುವಿನ ಹೆಂಡತಿ ಹೆಲೆನ್ ಅದೇ ಊರಿನವಳು, ಶಾಲೆಯ ಟೀಚರು. ಗಂಡನಿಂದ ಹತ್ತು ಹದಿನೈದು ಕನ್ನಡದ ಮಾತು ಕಲಿತಿದ್ದಾಳೆ, ಎಲ್ಲವೂ ಮರ್ಯಾದೆಯವು. ನನಗೂ "ಕುಂತ್ರಿ" ಅನ್ನುತ್ತಾಳೆ, ಮನೆಯ ಬೆಕ್ಕಿಗೂ "ಕುಂತ್ರಿ" ಅನ್ನುತ್ತಾಳೆ. ನಾಲ್ಕು ವರ್ಷದ ಮಗಳಿಗೆ ಅವ್ವನ ಹೆಸರಿಟ್ಟಿದ್ದಾರೆ, ಗೌರಿ.

ನಾನು ಹೋದದ್ದು ಮೇ ತಿಂಗಳಲ್ಲಿ. ಮೊದಲ ದಿನ ದೀಪ ಹಚ್ಚಲು ಹೊತ್ತು ಮುಳುಗಲಿ ಎಂದು ಕಾಯುತ್ತ ಕುಳಿತೆ. ಉಂಡರು, ಮಗುವನ್ನು ಮಲಗಿಸಿದರು, ಬೆಳಕು ಹಾಗೇ ಇತ್ತು. "ಇಲ್ಲಿ ಸೂರ್ಯಗ ಮನಿ ಇಲ್ಲೇನೋ?" ಎಂದೆ. "ಐತಿ. ಬ್ಯಾಸಿಗ್ಯಾಗ ತಡಾ ಮಾಡಿ ಹೋಗತಾನ, ಹ-ಹೆಂಡತಿ ಬೈತಾಳ" ಎಂದ ಚನ್ನು. ಮರುದಿನದಿಂದ ಸವಣೂರಿನ ಹೊತ್ತು ಅಂದಾಜು ಮಾಡಿ ಹಗಲಲ್ಲೇ ದೀಪ ಹಚ್ಚಿದೆ.

ಅಲ್ಲಿನ ಜನ ಬಸ್ಸಿನಿಂದ ಇಳಿಯುವಾಗ ಡ್ರೈವರನಿಗೆ ಉಪಕಾರವಾಯಿತು ಎಂದು ಹೇಳಿ ಇಳಿಯುತ್ತಾರೆ. ಅವನೇ ಹೊತ್ತುಕೊಂಡು ಬಂದವನಂತೆ! ಶಿಗ್ಗಾವಿ ಬಸ್ಸಿನಲ್ಲಿ ನಾವು ಇಳಿಯುವಾಗ ಕಂಡಕ್ಟರನೊಂದಿಗೆ ಜಗಳ ಮುಗಿದಿದ್ದರೆ ಅದೇ ದೊಡ್ಡದು. ಎರಡನೆಯದು, ಎಲ್ಲಿ ನೋಡಿದರೂ ಸಾಲು. ರೊಟ್ಟಿ ಅಂಗಡಿಯಲ್ಲಿ, ಅಂಚೆಯಲ್ಲಿ, ಇಬ್ಬರೇ ಇದ್ದರೂ ಒಬ್ಬರ ಹಿಂದೊಬ್ಬರು ನಿಲ್ಲುತ್ತಾರೆ. ಇದು ನನಗೆ ನಗೆ ತರಿಸುತ್ತಿತ್ತು. ಆದರೆ ನಾಲ್ಕನೆಯ ದಿನ ತರಕಾರಿ ಅಂಗಡಿಯಲ್ಲಿ ಚನ್ನು ಏನೋ ಕೇಳಲು ಹೋಗಿ ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡ. ಅಂಗಡಿಯ ಮುದುಕಿ ಗಜ್ಜರಿ ಕೈಯಲ್ಲಿ ಹಿಡಿದು, ಅವನ ಮುಖ ನೋಡುತ್ತ ಸುಮ್ಮನೆ ನಿಂತಳು. ಹಿಂದಿನವರೂ ನಿಂತರು. ಅವನು ಅವಸರವಿಲ್ಲದೆ ಆ ಅಕ್ಷರದಿಂದ ಹೊರಬಂದು ಮಾತು ಮುಗಿಸಿದ. ಆಮೇಲೆ ಅವಳು ಉತ್ತರ ಕೊಟ್ಟಳು. ಅಲ್ಲಿ ಮಾತಿಗೂ ಸಾಲು ನಿಲ್ಲುತ್ತಾರೆ.

ನಮ್ಮ ಮನೆಯಲ್ಲಿ ಹಾಗಲ್ಲ. ಅವನು "ನ-ನ" ಅಂದರೆ "ನೀರ ಬೇಕೇನ?" ಎಂದು ನಾಲ್ಕು ಜನ ಎದ್ದು ಓಡುತ್ತಿದ್ದೆವು. ಪ್ರೀತಿಯಿಂದಲೇ. ಅವನಿಗೆ ಬೇಕಾದದ್ದು ನೀರಲ್ಲದಿದ್ದರೂ ಕುಡಿಯುತ್ತಿದ್ದ.

ಮರಿಗಳ ಕೋಣೆ

ಸೀರೆಯ ಮೇಲೆ ಬಿಳಿ ಅಂಗಿ ತೊಡಿಸಿ ಅವನ ಪ್ರಯೋಗಶಾಲೆಗೆ ಕರೆದೊಯ್ದ. ದೊಡ್ಡ ಯಂತ್ರಗಳನ್ನು ನೋಡುವೆ ಎಂದುಕೊಂಡಿದ್ದೆ. ಬಾಗಿಲು ತೆಗೆದರೆ, ಬೆಚ್ಚನೆಯ ದೀಪದ ಕೆಳಗೆ ಸಣ್ಣ ಸಣ್ಣ ಪೆಟ್ಟಿಗೆಗಳಲ್ಲಿ ಎರಡೆರಡು ಹಳದಿ ಕೋಳಿಮರಿ.

"ಇಷ್ಟ ದೂರ ಬಂದು ಕೋಳಿ ಸಾಕಾಕತ್ತೀಯೇನೋ? ಅವ್ವಗ ಏನಂತ ಹೇಳ್ಲಿ?"

"ಮ-ಮಿದುಳು ಅಂತ ಹೇಳು. ಕೋಳಿ ಅನಬ್ಯಾಡ."

ಕಡ್ಡಿಯ ತುದಿಗೆ ಸಿಕ್ಕಿಸಿದ ಹೊಳೆಯುವ ಮಣಿಯೊಂದನ್ನು ಕಹಿ ದ್ರವದಲ್ಲಿ ಅದ್ದಿ ಒಂದು ಮರಿಯ ಮುಂದೆ ಹಿಡಿದ. ಮರಿ ಟಕ್ಕನೆ ಕುಕ್ಕಿತು, ತಲೆ ಕೊಡವಿತು, ಕೊಕ್ಕನ್ನು ನೆಲಕ್ಕೆ ಒರೆಸಿತು. ಸ್ವಲ್ಪ ಹೊತ್ತಿನ ಮೇಲೆ ಅಂಥದೇ ಒಣ ಮಣಿ ಹಿಡಿದ. ಮರಿ ಹಿಂದೆ ಸರಿಯಿತು. ಇನ್ನೊಂದು ಮರಿಗೆ ಮೊದಲು ನೀರಿನಲ್ಲಿ ಅದ್ದಿದ ಮಣಿ ತೋರಿಸಿದ್ದ. ಅದು ಎಷ್ಟು ಸಲ ತೋರಿಸಿದರೂ ಕುಕ್ಕಿತು.

"ಒಂದ ಸಲಕ್ಕ ಕಲೀತು ನೋಡು. ಇದರ ಮಿದುಳಿನ್ಯಾಗ ಏನ ಬದಲಾತು ಅಂತ ಹುಡುಕೂದ ನನ್ನ ಕೆಲಸ."

"ಹುಡುಕೂದು ಹೆಂಗ?"

"ಮಿದುಳು ತಗದು ನೋಡಬೇಕಕ್ಕಾ."

ನನ್ನ ಕೈ ತಾನಾಗಿ ಕೊರಳಿನ ಲಿಂಗಕ್ಕೆ ಹೋಯಿತು. "ಮನಸ ಒಪ್ಪತೈತೇನೋ?"

"ಒಪ್ಪಂಗಿಲ್ಲ. ಅದಕ್ಕ ಬೇಕಾದದ್ದಕ್ಕಿಂತ ಒಂದ ಮರಿನೂ ಹೆಚ್ಚ ತಗೋಳಂಗಿಲ್ಲ" ಎಂದ. ಆ ಉತ್ತರ ನನಗೆ ಪೂರ್ತಿ ಹಿಡಿಸಲಿಲ್ಲ. ಆದರೆ ಅವನಿಗೂ ಪೂರ್ತಿ ಹಿಡಿಸಿಲ್ಲ ಎಂದು ಕಂಡಿತು.

ಮಿದುಳಿನಲ್ಲಿ ಕೋಟಿಗಟ್ಟಲೆ ಸಣ್ಣ ಕೋಶಗಳಿವೆಯಂತೆ. ಒಂದು ಇನ್ನೊಂದಕ್ಕೆ ಸುದ್ದಿ ದಾಟಿಸುತ್ತದೆ, ಆದರೆ ಎರಡೂ ಅಂಟಿಕೊಂಡಿಲ್ಲ, ನಡುವೆ ಕಣ್ಣಿಗೆ ಕಾಣದಷ್ಟು ಸಂದು. ಕಲಿತಾಗ ಬದಲಾಗುವುದು ಆ ಸಂದಿನ ಈಚೆ ಆಚೆ ಎಂದ. ನಾನು ಕೇಳಿದೆ, "ಆಡೂರಿನ ಗುಡಿ ಮುಂದ ಕಲ್ಲಿನ ಮ್ಯಾಲೆ ಅಕ್ಷರ ಕಡದಾರಲ್ಲ, ಹಂಗೇನು?"

"ಅಲ್ಲ. ನಮ್ಮ ಎಲಿಬಳ್ಳಿ ಹಂಗ." ಅವನ ಕಣ್ಣು ಅರಳಿತು. "ಬಳ್ಳಿ ಕಟ್ಟಿದ ಹೊಸದರಾಗ ಅದನ್ನ ಹಿಡದಿರೋದು ನಾರು. ಬಿಚ್ಚಿದ್ರ ಬೀಳತೈತಿ. ಆದ್ರ ನಾಕ ದಿನ ಬಿಟ್ರ ಗೆಣ್ಣಿನ್ಯಾಗ ಅದ ಬ-ಬೇರು ಬಿಟ್ಟು ಗಿಡಾ ಹಿಡಕೋತೈತಿ. ಆವಾಗ ನಾರು ಕೊಳತು ಹೋದ್ರೂ ಬಳ್ಳಿ ಅಲ್ಲೇ. ಈಗ ಕೇಳಿದ್ದು ಘಳಿಗಿ ಹೊತ್ತು ನೆನಪ ಇರತೈತಲ್ಲ, ಅದು ನಾರು. ಜನ್ಮಾಪೂರ್ತಿ ಇರೂದು ಬೇರು. ಬೇರ ಬಿಡಬೇಕಂದ್ರ ಕೋಶ ಹೊಸ ಪ್ರೋಟೀನು ಕಟ್ಟಬೇಕು. ಆ ಕಟ್ಟೂದನ್ನ ಔಷಧ ಹಾಕಿ ನಿಲ್ಲಿಸಿದ್ರ, ಮರಿ ಮರದಿನ ಮಣಿ ಮರತಿರತೈತಿ."

ಹನ್ನೆರಡು ವರ್ಷದಿಂದ ಅವನು ಹುಡುಕುತ್ತಿರುವುದು ಇಷ್ಟೇ. ಕಟ್ಟಿದ ಮೇಲೆ ಬೇರು ಬಿಡು ಎಂದು ಗೆಣ್ಣಿಗೆ ಹೇಳುವವರು ಯಾರು? ನನಗೆ ಅದೆಲ್ಲ ತಿಳಿಯಿತು. ಅಷ್ಟು ತಿಳಿದದ್ದೇ ಕಷ್ಟವಾಯಿತು. ನಾನು ಕಟ್ಟಿದ್ದೂ ಬೇರು ಬಿಟ್ಟಿತ್ತು. ಅಂದೇ ಹೇಳಬೇಕಿತ್ತು. ಮರಿಗಳ ಚಿಂವ್‌ಚಿಂವಿನ ನಡುವೆ ಬಾಯಿ ತೆರೆದೆ, "ಬಾಯಾರಿಕಿ ಆಗೇತಿ" ಅಂದೆ.

ಭಾಷಣದ ದಿನ

ಹಿಂದಿನ ಎರಡು ದಿನ ಅಡುಗೆಮನೆಯಲ್ಲಿ ನನ್ನನ್ನು ಕೂರಿಸಿಕೊಂಡು ಭಾಷಣವನ್ನೆಲ್ಲ ಕನ್ನಡದಲ್ಲಿ ಹೇಳಿ ತೋರಿಸಿದ್ದ. ಆದ್ದರಿಂದ ಸಭೆಯಲ್ಲಿ ಇಂಗ್ಲಿಷು ಬಾರದಿದ್ದರೂ ಗೋಡೆಯ ಮೇಲಿನ ಚಿತ್ರ ಬದಲಾದಂತೆ ಅವನು ಎಲ್ಲಿದ್ದಾನೆ ಎಂದು ನನಗೆ ಗೊತ್ತಾಗುತ್ತಿತ್ತು. ಸಾವಿರಾರು ಜನ ಇರಲಿಲ್ಲ, ನಮ್ಮ ಶಾಲೆಯ ಮೂರು ಕೋಣೆಯಷ್ಟು ಜನ.

ಅವನು ಉಗ್ಗಿದ. ಮೊದಲ ವಾಕ್ಯದಲ್ಲೇ ಉಗ್ಗಿದ. ನಾನು ಹೆಲೆನ್‌ಳ ಕೈ ಗಟ್ಟಿಯಾಗಿ ಹಿಡಿದೆ. ಅವಳು "ಚೊಲೋ ಐತ್ರಿ, ಚೊಲೋ ಐತ್ರಿ" ಎಂದು ಪಿಸುಗುಟ್ಟಿದಳು. ಯಾರೂ ಕೆಮ್ಮಲಿಲ್ಲ, ತಲೆ ತಗ್ಗಿಸಲಿಲ್ಲ. ಅವನು ಸಿಕ್ಕಿಕೊಂಡಲ್ಲಿ ನಿಂತ, ಬಿಡಿಸಿಕೊಂಡ, ಮುಂದೆ ಹೋದ.

ಹೋದ ಹೊಸದರಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದದ್ದನ್ನು ಹೇಳಿದ. ಜನ ನಕ್ಕರು. ಕಲಿತ ಮರಿಗಳಲ್ಲಿ ಒಂದು ಪ್ರೋಟೀನು ಹೆಚ್ಚಾಗುತ್ತದೆ ಎಂದು ಮೂರು ವರ್ಷ ದುಡಿದು ತೋರಿಸಿದ್ದು, ಅದು ಪತ್ರಿಕೆಯಲ್ಲಿ ಅಚ್ಚಾಗಿ ಹೆಸರು ಬಂದದ್ದು ಹೇಳಿದ. ಆಮೇಲೆ ಕಪ್ಪು ಗೆರೆಗಳ ಒಂದು ಚಿತ್ರ ಬಂತು. ಅದರ ಕಥೆ ನನಗೆ ಗೊತ್ತಿತ್ತು. ಸುಮ್ಮನೆ ಕೈಯಲ್ಲಿ ಎತ್ತಿಕೊಂಡ ಮರಿಯಲ್ಲೂ, ಹೆದರಿದ ಮರಿಯಲ್ಲೂ ಆ ಪ್ರೋಟೀನು ಹೆಚ್ಚಾಗುತ್ತಿತ್ತು. ಅದು ಕಲಿಕೆಯದಲ್ಲ, ಅಂಜಿಕೆಯದು. ಅವನು ಅದನ್ನೂ ಬರೆದು ಅದೇ ಪತ್ರಿಕೆಗೆ ಕಳಿಸಿದ್ದ.

"ನಿನ್ನ ತಪ್ಪು ಯಾರ ಹಿಡದಿದ್ರು?" ಎಂದು ಅಡುಗೆಮನೆಯಲ್ಲಿ ಕೇಳಿದ್ದೆ.

"ಯಾರೂ ಹಿಡದಿದ್ದಿಲ್ಲ."

"ಹಂಗಾರ ಯಾಕ ಹೇಳಿದಿ?"

"ಗೊತ್ತಿದ್ದಂವ ನಾನೊಬ್ಬನ ಅಕ್ಕಾ. ನಾ ಹೇಳಲಿಲ್ಲಂದ್ರ ಮತ್ತ್ಯಾರ ಹೇಳಬೇಕು? ಉಳದವರು ಅದನ್ನ ನ-ನಂಬಿ ಅದರ ಮ್ಯಾಲೆ ಮನಿ ಕಟ್ಟಾಕತ್ತಿದ್ರು."

ಆಮೇಲೆ ಮತ್ತೆ ಮೊದಲಿನಿಂದ ಶುರು ಮಾಡಿ ಐದು ವರ್ಷ. ಪ್ರೋಟೀನು ಹೆಚ್ಚಾಗುವುದಲ್ಲ, ಇದ್ದ ಪ್ರೋಟೀನಿಗೇ ರಂಜಕದ ಒಂದು ಕಣ ಬಂದು ಅಂಟುತ್ತದೆ, ಅದು ಕಲಿತ ಮರಿಯಲ್ಲಿ ಮಾತ್ರ, ಅದೂ ಮಿದುಳಿನ ಒಂದೇ ಜಾಗದಲ್ಲಿ. ಬೇರು ಬಿಡು ಎಂದು ಹೇಳುವ ಮೊದಲ ದನಿ ಅದಿರಬಹುದು ಎಂದ. "ಇರಬಹುದು" ಎಂಬ ಮಾತಿನಲ್ಲಿ ಅವನು ಉಗ್ಗಲಿಲ್ಲ.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎಡಗೈಯಲ್ಲಿ ಸೂಜಿ, ಬಲಗೈಯಲ್ಲಿ ಇಕ್ಕಳ ಹಿಡಿದು ಒಟ್ಟಿಗೆ ಕೆಲಸ ಮಾಡುವವರು ಇವನಂಥವರು ಇನ್ನೊಬ್ಬರಿಲ್ಲ ಎಂದು ಯಾರೋ ನನಗೆ ಹೇಳಿದ್ದನ್ನು ಹೆಲೆನ್ ಕೈಸನ್ನೆಯಲ್ಲಿ ತಿಳಿಸಿದಳು. ಅಂದು ನನಗೆ ಬಹಳ ಸಂತೋಷವಾಯಿತು. ಇಷ್ಟು ಚೆನ್ನಾಗಿರುವಾಗ ಹಳೆಯದನ್ನು ಯಾಕೆ ಕೆದಕಬೇಕು ಎನ್ನಿಸಿತು. ಹೇಳದೇ ಹೋಗುವವಳೇ ಇದ್ದೆ.

ಚಮಚ

ಹೊರಡಲು ಮೂರು ದಿನವಿತ್ತು. ಬೆಳಿಗ್ಗೆ ಗೌರಿಯೊಂದಿಗೆ ಮೇಜಿನ ಮುಂದೆ ಕುಳಿತಿದ್ದೆ. ಅಲ್ಲಿ ಹಾಲಿನಲ್ಲಿ ಬೇಯಿಸಿದ ಧಾನ್ಯದ ಗಂಜಿಯನ್ನು ಚಮಚದಿಂದ ತಿನ್ನುತ್ತಾರೆ. ನಾನು ಒಲೆಯ ಕಡೆ ಹೋಗಿ ತಿರುಗಿ ಬರುವಾಗ ಕಂಡದ್ದು ಇದು. ಗೌರಿ ಎಡಗೈಯಲ್ಲಿ ತಿನ್ನುತ್ತಿದ್ದವಳು ನನ್ನ ಹೆಜ್ಜೆ ಸಪ್ಪಳ ಕೇಳಿ, ತಲೆ ಎತ್ತದೆ, ಚಮಚವನ್ನು ಬಲಗೈಗೆ ದಾಟಿಸಿಕೊಂಡಳು.

ನಾನು ನಿಂತಲ್ಲೇ ನಿಂತೆ. ಅವಳಿಗೆ ಹಾಗೆ ಮಾಡು ಎಂದು ನಾನು ಹೇಳಿರಲಿಲ್ಲ. ಹೇಳಲು ನನಗೆ ಅವಳ ಭಾಷೆಯೂ ಬಾರದು. ಆದರೆ ಬಂದ ದಿನದಿಂದ, ಪಕ್ಕದಲ್ಲಿ ಕುಳಿತಾಗಲೆಲ್ಲ, ನಗುತ್ತ, ಮುದ್ದು ಮಾಡುತ್ತ, ಆ ಚಮಚವನ್ನು ತೆಗೆದು ಇನ್ನೊಂದು ಕೈಗೆ ಇಡುತ್ತಿದ್ದೆ. ನನಗೆ ಅದು ಗೊತ್ತೇ ಇರಲಿಲ್ಲ. ಕೈ ತಾನಾಗಿ ಹೋಗುತ್ತಿತ್ತು. ಮರಿ ಕಲಿತಿತ್ತು. ನಾನು ಮಣಿಯಾಗಿದ್ದೆ.

ಅದೇ ಮಧ್ಯಾಹ್ನ ಚನ್ನು ನನ್ನನ್ನು ಊರ ನಡುವಿನ ಗುಡ್ಡಕ್ಕೆ ಕರೆದೊಯ್ದ. ದೂರದಲ್ಲಿ ಸಮುದ್ರ ಕಾಣುತ್ತದೆ. ಬೆಂಚಿನ ಮೇಲೆ ಕುಳಿತು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಗೌರಿಯ ಚಮಚದಿಂದ ಶುರುಮಾಡಿ ನುಗ್ಗೆಯ ಗಿಡದವರೆಗೆ. ಕಟ್ಟಿದವಳು ನಾನು, ಮರೆತವಳು ನಾನು. "ನಿನ್ನ ಮಾತು ಒಡದಾಕಿ ನಾನು. ಹೌದಿಲ್ಲೋ? ನೀ ಶಾಣ್ಯಾ ಇದ್ದಿ, ನೀನ ಹೇಳು."

"ಗೊತ್ತಿಲ್ಲಕ್ಕಾ" ಎಂದ.

"ಹಂಗಂದ್ರ ಹೆಂಗ?"

"ಕೈ ಬದಲಿ ಮಾಡಿದ್ರ ಉಗ್ಗು ಬರತೈತಿ ಅಂತ ಕೆಲವರು ಅಂತಾರ. ಅಲ್ಲ ಅಂತ ಕೆಲವರು. ಮರಿ ಆಗಿದ್ರ ನೀರಿನ ಮಣಿ ಕಂಡದ್ದನ್ನ ಪ-ಪಕ್ಕಕ್ಕಿಟ್ಟು ನೋಡಬಹುದಿತ್ತು. ಕಟ್ಟದ ಬಿಟ್ಟ ಇನ್ನೊಬ್ಬ ಚನ್ನು ಎಲ್ಲೂ ಇಲ್ಲ. ನಿನ್ನ ಸಮಾಧಾನಕ್ಕ ಹೌದು ಅನ್ನಲೇನು, ಅಲ್ಲ ಅನ್ನಲೇನು? ಎರಡೂ ಸುಳ್ಳ ಆಗತಾವು."

ನಾನು ಅತ್ತೆ. ಬೈದಿದ್ದರೆ ಹಗುರಾಗುತ್ತಿದ್ದೆ. ಅವನು ನನ್ನ ಬೆನ್ನ ಮೇಲೆ ಕೈ ಇಟ್ಟುಕೊಂಡೇ ಇದ್ದ, ಎಡಗೈ. ಸ್ವಲ್ಪ ಹೊತ್ತಿನ ಮೇಲೆ ಕೇಳಿದ:

"ಆಯಿ ಕಟ್ಟಿದ್ದಿಲ್ಲ ಹಂಗಾರ?"

"ಇಲ್ಲ."

"ಕಟ್ಟಿದವರು ಯಾರು ಅಂತ ನನಗ ನೆನಪಿಲ್ಲ. ಬಿಡಿಸಿದಾಕಿ ನೆನಪ ಅದಾಳ. ಕೈಯಾಗ ಎಲಿ ವಾಸನಿ. ಕುಡಗೋಲು ತಣ್ಣಗ ತಾಗಿತ್ತು. ನಾ ಎರಡು ದಿನಾ ಬಿಟ್ಟು ಮಾತಾಡಿದ್ನಲ್ಲ, ಮೊದಲಿನ ಮಾತ ಅದ. ಆಯಿ ನನ್ನ ಬಿಡಿಸಿದಳು ಅಂತ ಹೇಳಬೇಕಂತ 'ಆ-ಆ-ಆಯಿ' ಅಂದೆ. ಮುಂದ ಬರಲಿಲ್ಲ. ಯಾರೋ 'ಆಯಿ ಕಟ್ಟ್ಯಾಳ, ಹೌದಿಲ್ಲೋ?' ಅಂದ್ರು. ನನಗ ಸಾಕಾಗಿತ್ತು, ಹೌದಂತ ಗೋಣು ಹಾಕಿದೆ."

ಅವನು ನನ್ನ ಕಡೆ ತಿರುಗಲಿಲ್ಲ. "ಆಮ್ಯಾಲೆ ಆಯಿ ಬರಲಿಲ್ಲ. ನಾ ಗೋಣು ಹಾಕಿದ್ದಕ್ಕ ಸಿಟ್ಟ ಆಗ್ಯಾಳಂತ ತಿಳಕೊಂಡಿದ್ದೆ. ಮೊನ್ನಿ ಮೊನ್ನಿ ತನಕ."

ಅಂದು "ಆಯಿ ಕಟ್ಟ್ಯಾಳ" ಎಂದು ಅವನ ಮಾತನ್ನು ಮುಗಿಸಿದವಳು ನಾನೇ. ಅದು ನನಗೆ ಚೆನ್ನಾಗಿ ನೆನಪಿದೆ. ಕಟ್ಟಿದ್ದನ್ನು ಒಪ್ಪಿಕೊಳ್ಳಲು ಏಳು ಸಮುದ್ರ ದಾಟಿ ಬಂದಿದ್ದೆ. ಅವನು ಮೂವತ್ತು ವರ್ಷ ಹೊತ್ತದ್ದು ಅದನ್ನಲ್ಲ, ನನ್ನ ಸುಳ್ಳಿಗೆ ತಾನು ಹಾಕಿದ ಗೋಣನ್ನು.

"ಆಯಿ ಅದಾಳೇನು?" ಎಂದು ಕೇಳಿದ.

ಇದ್ದಾಳೆ ಎಂದು ಗೊತ್ತಿತ್ತು. ಸಂತೆಯಲ್ಲಿ ಅವಳ ಮಗಳನ್ನು ಕಂಡಾಗಲೆಲ್ಲ ನಾನು ಬೇರೆ ಸಾಲಿಗೆ ತಿರುಗುತ್ತಿದ್ದೆ.

ಮರುದಿನ ನಾನೇ ಚಮಚವನ್ನು ಎಡಗೈಗೆ ಕೊಟ್ಟೆ, ಗೌರಿ ಅದರಲ್ಲೇ ತಿಂದಳು. ನಾನೂ ಅವಳ ಎದುರು ಕುಳಿತು ಎಡಗೈಯಲ್ಲಿ ಚಮಚ ಹಿಡಿದು ತಿಂದೆ, ಅರ್ಧ ಸೀರೆಯ ಮೇಲೆ ಚೆಲ್ಲಿತು. ಅವಳು ಬಿದ್ದು ಬಿದ್ದು ನಕ್ಕಳು. ಮೂರನೆಯ ದಿನಕ್ಕೆ ನನ್ನ ಹೆಜ್ಜೆ ಕೇಳಿದರೂ ಅವಳ ಚಮಚ ಕದಲಲಿಲ್ಲ. ಹೊರಡುವಾಗ ಚನ್ನು ಒಂದು ಸಣ್ಣ ಟೇಪ್‌ರೆಕಾರ್ಡರು, ಒಂದು ಕ್ಯಾಸೆಟ್ಟು ಕೊಟ್ಟ. "ಆಯಿಗೆ" ಎಂದ.

ಹತ್ತಿಮತ್ತೂರು

ಊರಿಗೆ ಬಂದ ನಾಲ್ಕನೆಯ ದಿನ ಬಸ್ಸು ಹತ್ತಿದೆ. ಎಡಿನ್‌ಬರೋಗೆ ಹೋಗುವಾಗ ಇಷ್ಟು ಹೆದರಿರಲಿಲ್ಲ.

ದ್ಯಾಮವ್ವ ಮಗಳ ಮನೆಯ ಕಟ್ಟೆಯ ಮೇಲೆ ಕುಳಿತು ಹುಣಸೆ ಬೀಜ ತೆಗೆಯುತ್ತಿದ್ದಳು. ತಲೆ ಪೂರ್ತಿ ಬಿಳಿ. ನನ್ನ ಗುರುತು ಹಿಡಿದಳು, ಕೈ ನಿಲ್ಲಿಸಲಿಲ್ಲ. ಮಗಳು ಚಾಪೆ ಹಾಸಿದಳು. ನಾನು ಟೇಪ್‌ರೆಕಾರ್ಡರಿನ ಗುಂಡಿ ಒತ್ತಿದೆ.

"ಆ-ಆ-ಆಯಿ" ಎಂದಿತು ಚನ್ನುವಿನ ದನಿ. "ನಾನು ಸ-ಸವಣೂರ ಚನ್ನು. ನೀ... ನೀ ನನ್ನ..."

ದನಿ ಸಿಕ್ಕಿಕೊಂಡಿತು. ಕ್ಯಾಸೆಟ್ಟು ಸುಮ್ಮನೆ ಸರಸರ ತಿರುಗಿತು. ಮಗಳು, "ನೆನಪ ಅದಿ ಅಂತಾನೇನ?" ಎಂದಳು.

ದ್ಯಾಮವ್ವ ಕೈ ಎತ್ತಿ ತಡೆದಳು. "ಸುಮ್ಕಿರ. ಅಂವಾ ಹೇಳ್ತಾನ."

ಕಾದೆವು. ಹುಣಸೆ ಬೀಜದ ಮೇಲೆ ಅವಳ ಬೆರಳು ಮೊದಲ ಸಲ ನಿಂತಿತ್ತು.

"ನೀ ನನ್ನ ಬಿ-ಬಿಡಿಸಿದಿ. ಅವತ್ತ ಹೇಳಬೇಕಂದಿದ್ದೆ. ಮಾತ ಬರಲಿಲ್ಲ. ಈಗ ಬಂತು."

ಕ್ಯಾಸೆಟ್ಟಿನಲ್ಲಿ ಅಷ್ಟೇ ಇತ್ತು. ದ್ಯಾಮವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ನಾನು ನನ್ನ ಪಾಲಿನದನ್ನು ಹೇಳಿದೆ. ಅವಳು ಪೂರ್ತಿ ಕೇಳಿದಳು, ನಡುವೆ ಒಂದು ಮಾತನ್ನೂ ಮುಗಿಸಿಕೊಡಲಿಲ್ಲ.

"ಎಲ್ಲಿಂದ ಬಂದಿ ಈಗ?"

"ವಿಲಾಯತಿಗೆ ಹೋಗಿದ್ದೆ ಆಯಿ. ಚನ್ನು ಅಲ್ಲಿ..."

"ಸವಣೂರಿಂದ ಹತ್ತಿಮತ್ತೂರಿಗೆ ದಿನಾ ಬಸ್ಸ ಐತಿ. ನೀ ವಿಲಾಯತಿ ಸುತ್ತಿ ಬಂದಿಯೇನು?" ಮಗಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ದ್ಯಾಮವ್ವ ನಗಲಿಲ್ಲ. "ಕಟ್ಟಿದಾಕಿ ನೀನ ಅಂತ ಅವತ್ತ ಗೊತ್ತಿತ್ತು. ನಾ ಕಟ್ಟಿದ್ರ ಸಂದು ಬಿಡತಿದ್ದೆ."

"ಯಾಕ ಹೇಳಲಿಲ್ಲ ಆಯಿ?"

"ಹೇಳಿದ್ರ ಯಾರ ಕೇಳತಿದ್ರು? ನಿಮ್ಮಪ್ಪಗ ಮಗಳ ಮಾತ ದೊಡ್ಡದೋ, ನನ್ನ ಮಾತ ದೊಡ್ಡದೋ?"

"ತಪ್ಪಾತು ಆಯಿ" ಅಂದೆ.

"ನನಗ ಗೊತ್ತಿದ್ದದ್ದನ್ನ ನನಗ ಹೇಳಿದ್ರ ಏನ ಬಂತು? ಗೊತ್ತಿಲ್ಲದವರಿಗೆ ಹೇಳು ಹೋಗು. ನಿಮ್ಮ ಓಣ್ಯಾಗ ಇನ್ನೂ ನಾನ ಕಟ್ಟಿದಾಕಿ."

ಅವ್ವನಿಗೆ ಅದೇ ಸಂಜೆ ಹೇಳಿದೆ. ಅವ್ವ "ನಾಳೆ ನನ್ನ ಕರಕೊಂಡ ಹೋಗು" ಎಂದಳು. ಓಣಿಯಲ್ಲಿ ಮನೆಮನೆಗೆ ಹೋಗಿ ಹೇಳಿದೆ. ಅಪ್ಪನಂತೆ ಸತ್ತವರಿಗೆ ಇನ್ನು ಮುಟ್ಟದು, ಊರು ಬಿಟ್ಟವರಿಗೆ ಮುಟ್ಟಿಸಲು ಬರೆಯುವುದು ಬಿಟ್ಟು ನನಗೆ ಬೇರೆ ದಾರಿಯಿಲ್ಲ. ತನ್ನ ತಪ್ಪನ್ನು ತಾನೇ ಅಚ್ಚು ಹಾಕಿಸಿದ ತಮ್ಮನನ್ನು ನೋಡಿ ಬಂದಿದ್ದೇನೆ, ಅದಕ್ಕೇ ನಾಲ್ಕನೆಯ ಇಯತ್ತೆಯ ಅಕ್ಷರದಲ್ಲಿ ಇಷ್ಟು ಬರೆದೆ. ನನ್ನ ತಮ್ಮನನ್ನು ಕಟ್ಟಿದವಳು ದ್ಯಾಮವ್ವ ಅಲ್ಲ.

ಹೋದ ಸೋಮವಾರ ಅವಳು ನಮ್ಮ ತೋಟಕ್ಕೆ ಬಂದಿದ್ದಳು. ಅವ್ವನೇ ಗಾಡಿ ಕಳಿಸಿದ್ದಳು. ಅಂಗಳದಲ್ಲಿ ನಿಲ್ಲದೆ, ಚಹ ಬೇಡವೆಂದು, ನೇರ ಬಳ್ಳಿಗಳ ಸಾಲಿಗೆ ಹೋದಳು. ನಾನು ಹಿಂದೆ ಹೋದೆ. ಮೊದಲ ಗಿಡದ ಹತ್ತಿರ ನಿಂತು ನಾರಿಗೂ ಬಳ್ಳಿಗೂ ನಡುವೆ ಬೆರಳು ಹಾಕಿ ನೋಡಿದಳು. ಬೆರಳು ಹೋಗಲಿಲ್ಲ.

"ಇದನ್ನ ಯಾರ ಕಟ್ಟ್ಯಾರ?"

"ನಾನ ಆಯಿ."

"ಬಿಚ್ಚಿ ಕಟ್ಟು" ಎಂದು ಮುಂದಿನ ಗಿಡಕ್ಕೆ ಹೋದಳು. ನಾನು ಬಿಚ್ಚಿ ಕಟ್ಟಿದೆ.